ಪ್ಲಾಸ್ಟಿಕ್ ಮಾದರಿ ಕಿಟ್‌ಗಳು: ಕಾಸರಗೋಡಿನ ಕರಾವಳಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನ, ಟ್ಯಾಂಕ್, ಜೀಪುಗಳ ಪ್ಲಾಸ್ಟಿಕ್ ಮಾದರಿ ಜೋಡಿಸುವ ಹವ್ಯಾಸ ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯ ಆಚೆಯವರೆಗೆ ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಅಂಟಿಕೊಂಡಿದೆ. ಹೊಸದಾಗಿ ಶುರು ಮಾಡುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಪೆಟ್ಟಿಗೆಯೊಳಗೆ ಸೂಚನಾಪತ್ರ ಇದ್ದೇ ಇರುತ್ತದೆ. ಆದರೆ ಅದನ್ನು ಬರೆದವರು ನಮ್ಮ ಕರ್ಕಾಟಕದ ಮಳೆಯನ್ನು ಕಂಡವರಲ್ಲ. ಹಾಗಾಗಿ ಈ ಉತ್ತರಗಳಲ್ಲಿ ಮಳೆಯ ಮಾತು ಸ್ವಲ್ಪ ಹೆಚ್ಚಾಗಿಯೇ ಬರುತ್ತದೆ.

ಇದು ಮಕ್ಕಳ ಆಟಿಕೆಯಲ್ಲವೇ?

ಅಲ್ಲ. ಆಡಲು ಹೊರಟರೆ ಮೊದಲ ದಿನವೇ ಚಕ್ರ ಕಳಚುತ್ತದೆ. ಪೆಟ್ಟಿಗೆಯಲ್ಲಿ ಬರುವುದು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಅವಕ್ಕೆ ಅಂಟಿಕೊಂಡಿರುವ ಬಿಡಿಭಾಗಗಳು, ಒಂದು ಹಾಳೆ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳು) ಮತ್ತು ಜೋಡಣೆಯ ಚಿತ್ರಗಳು. ಆ ಚೌಕಟ್ಟಿಗೆ ಸ್ಪ್ರೂ ಎನ್ನುತ್ತಾರೆ. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚುವುದೆಲ್ಲ ನಿಮ್ಮ ಕೆಲಸ. ಅಂಟು, ಬಣ್ಣ, ಕುಂಚ ಬಹುತೇಕ ಪೆಟ್ಟಿಗೆಗಳಲ್ಲಿ ಇರುವುದಿಲ್ಲ. ಹಣ ಎಣಿಸುವಾಗ ಅದನ್ನೂ ಸೇರಿಸಿಕೊಳ್ಳಿ.

1/72, 1/48, 1/35 ಎಂದು ಬರೆದಿರುತ್ತದೆ. ಯಾವುದನ್ನು ಕೊಳ್ಳಲಿ?

1/72 ಎಂದರೆ ನಿಜವಾದ ಗಾತ್ರದ 72ರಲ್ಲಿ ಒಂದು ಪಾಲು. ಆರು ಅಡಿಯ ಮನುಷ್ಯ ಅದರಲ್ಲಿ ಒಂದಿಂಚಿನವನಾಗುತ್ತಾನೆ. 1/48ರಲ್ಲಿ ನಾಲ್ಕು ಅಡಿಗೆ ಒಂದಿಂಚು. ಮಿಗ್-21 ವಿಮಾನದ ರೆಕ್ಕೆಯ ಹರವು 7.15 ಮೀಟರ್. ಅದು 1/72ರಲ್ಲಿ ಸುಮಾರು 10 ಸೆಂಟಿಮೀಟರ್, 1/48ರಲ್ಲಿ 15 ಸೆಂಟಿಮೀಟರ್. ಮಂಗಳೂರಿನಿಂದ ಗಲ್ಫಿಗೆ ಹೋಗುವವರಿಗೆಲ್ಲ ಪರಿಚಯವಿರುವ ಬೋಯಿಂಗ್ 737-800ರ ಉದ್ದ 39.5 ಮೀಟರ್. ಅದನ್ನು 1/72ರಲ್ಲಿ ಮಾಡಿದರೆ 55 ಸೆಂಟಿಮೀಟರ್ ಆಗಿ ಮನೆಯ ಶೋಕೇಸಿನಿಂದ ಹೊರಗೆ ಬರುತ್ತದೆ. ಪ್ರಯಾಣಿಕ ವಿಮಾನಗಳು 1/144ರಲ್ಲಿ ಬರುವುದು ಇದೇ ಕಾರಣಕ್ಕೆ.

ಟ್ಯಾಂಕು, ಜೀಪುಗಳಿಗೆ 1/35 ಬಂದ ಕಥೆ ತಮಾಷೆಯದು. 1960ರ ದಶಕದ ಆರಂಭದಲ್ಲಿ ಜಪಾನಿನ ತಾಮಿಯಾ ಸಂಸ್ಥೆ ಮೋಟಾರು ಹಾಕಿ ಓಡುವ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿತು. ಒಳಗೆ ಬ್ಯಾಟರಿ ಹಿಡಿಸುವಷ್ಟು ಜಾಗ ಬೇಕಿತ್ತು. ಆ ಅಳತೆ ಲೆಕ್ಕ ಹಾಕಿದರೆ 1/35 ಬಂತು. ಮುಂದೆ ಉಳಿದ ಕಂಪನಿಗಳೂ ಅದನ್ನೇ ಹಿಡಿದುಕೊಂಡವು. ಕಾರುಗಳಿಗೆ ಸಾಮಾನ್ಯವಾಗಿ 1/24.

ನಲವತ್ತು ದಾಟಿ ಕನ್ನಡಕ ಹಾಕಿಕೊಳ್ಳುವವರಿಗೆ ನನ್ನ ಸಲಹೆ 1/48. 1/72ರ ಪೈಲಟ್ಟಿನ ಮುಖಕ್ಕೆ ಬಣ್ಣ ಹಚ್ಚಲು ಕಣ್ಣಿಗಿಂತ ಹೆಚ್ಚಾಗಿ ನಂಬಿಕೆ ಬೇಕಾಗುತ್ತದೆ.

ಮೊದಲ ಕಿಟ್ ಯಾವುದಿರಲಿ?

ಒಂದು ಎಂಜಿನ್ನಿನ, ಒಂದೇ ಜೊತೆ ರೆಕ್ಕೆಯ ಎರಡನೆಯ ಮಹಾಯುದ್ಧ ಕಾಲದ ವಿಮಾನ. ಸ್ಪಿಟ್‌ಫೈರ್ ಅಥವಾ ಹರಿಕೇನ್ ಒಳ್ಳೆಯದು. ಬರ್ಮಾ ರಣರಂಗದಲ್ಲಿ ಭಾರತೀಯ ಪೈಲಟ್‌ಗಳು ಎರಡನ್ನೂ ಹಾರಿಸಿದ್ದಾರೆ. ವಾಹನವೇ ಬೇಕೆಂದರೆ 1/35ರ ವಿಲ್ಲಿಸ್ ಜೀಪು. ಎರಡು ಅಂತಸ್ತಿನ ರೆಕ್ಕೆಯ ವಿಮಾನ ಸದ್ಯಕ್ಕೆ ಬೇಡ. ಮೇಲಿನ ರೆಕ್ಕೆಯನ್ನು ನೇರವಾಗಿ ಕೂರಿಸುವಷ್ಟರಲ್ಲಿ ಹವ್ಯಾಸವೇ ಬೇಡವೆನಿಸಿಬಿಡುತ್ತದೆ.

ಇಲ್ಲಿ ಕಿಟ್ ಎಲ್ಲಿ ಸಿಗುತ್ತದೆ?

ಪೇಟೆಯ ಆಟಿಕೆ ಅಂಗಡಿಯಲ್ಲಿ ಕೇಳಿದರೆ ಸಿದ್ಧ ಕಾರು ತೆಗೆದುಕೊಡುತ್ತಾರೆ. ಉಳಿದಿರುವುದು ಎರಡು ದಾರಿ. ಒಂದು, ಭಾರತದೊಳಗಿನ ಹವ್ಯಾಸಿ ಅಂಗಡಿಗಳಿಂದ ಆನ್‌ಲೈನ್‌ನಲ್ಲಿ ತರಿಸುವುದು. ಇನ್ನೊಂದು, ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ್ದು: ದುಬೈಯಲ್ಲೋ ದೋಹಾದಲ್ಲೋ ಇರುವ ಭಾವನಿಗೆ, ಚಿಕ್ಕಪ್ಪನಿಗೆ ಹೇಳುವುದು. ಕಿಟ್ಟಿನ ಪೆಟ್ಟಿಗೆ ಹಗುರ, ಆದರೆ ಜಾಗ ತಿನ್ನುತ್ತದೆ. ಬಟ್ಟೆಯ ನಡುವೆ ಇಟ್ಟುಕೊಂಡು ಬರುವಂತೆ ಮೊದಲೇ ಹೇಳಿ. ಅಂಟು, ಎನಾಮೆಲ್ ಬಣ್ಣ, ಥಿನ್ನರ್, ಸ್ಪ್ರೇ ಡಬ್ಬಿಗಳನ್ನು ಮಾತ್ರ ಅವರಿಂದ ತರಿಸಬೇಡಿ. ಅವು ಬೆಂಕಿ ಹತ್ತುವ ವಸ್ತುಗಳು, ಪ್ರಯಾಣಿಕರ ಲಗೇಜಿನಲ್ಲಿ ಒಯ್ಯಲು ಬಿಡುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿದರೆ ಮುಂದಿನ ಸಲ ಭಾವ ನಿಮ್ಮ ಕಿಟ್ಟನ್ನೂ ಮರೆಯುತ್ತಾರೆ.

ವಿದೇಶದಿಂದ ನೇರವಾಗಿ ಅಂಚೆಯಲ್ಲಿ ತರಿಸಿದರೆ ಸುಂಕ ಬೀಳುತ್ತದೆ. ಅದನ್ನು ಕಿಟ್ಟಿನ ಬೆಲೆಯೊಂದಕ್ಕೇ ಅಲ್ಲ, ಸಾಗಣೆ ವೆಚ್ಚವನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಅಗ್ಗವೆಂದು ತರಿಸಿದ್ದು ಮನೆ ಬಾಗಿಲಿಗೆ ಬರುವಾಗ ಅಗ್ಗವಾಗಿ ಉಳಿದಿರುವುದು ಕಡಿಮೆ.

ಯಾವ ಹತ್ಯಾರುಗಳು ಬೇಕು?

ಚಂದದ ಸೆಟ್ ಕೊಳ್ಳುವ ಮೊದಲು ಮೆಡಿಕಲ್ ಅಂಗಡಿಗೆ ಹೋಗಿ. 3ನೇ ನಂಬರಿನ ಸರ್ಜಿಕಲ್ ಹಿಡಿಕೆ, ಅದಕ್ಕೆ 11ನೇ ನಂಬರಿನ ಚೂಪು ಮೂತಿಯ ಬ್ಲೇಡುಗಳನ್ನು ಕೇಳಿ. ಹವ್ಯಾಸದ ಹೆಸರಿನಲ್ಲಿ ಮಾರುವ ಚಾಕುಗಳಿಗಿಂತ ಕಡಿಮೆ ಬೆಲೆ, ಹರಿತ ಹೆಚ್ಚು. ಹಳೆಯ ಬ್ಲೇಡನ್ನು ಕಸದ ಬುಟ್ಟಿಗೆ ಎಸೆಯದೆ ಒಂದು ತಗಡಿನ ಡಬ್ಬಿಯಲ್ಲಿ ಹಾಕಿಡಿ. ಉಜ್ಜಲು ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್ ಸಾಕು: 400, 600, 1000, ಕೊನೆಗೆ 2000. ನೀರು ಮುಟ್ಟಿಸಿ ಉಜ್ಜಿದರೆ ಧೂಳು ಹಾರುವುದಿಲ್ಲ. ಸ್ಪ್ರೂವಿನಿಂದ ಭಾಗ ಬಿಡಿಸಲು ಒಂದು ಬದಿ ಚಪ್ಪಟೆಯಾಗಿರುವ ನಿಪ್ಪರ್ ಒಂದನ್ನು ಮಾತ್ರ ಹಣ ಕೊಟ್ಟು ಕೊಳ್ಳಿ. ಉಗುರು ಕತ್ತರಿಯಿಂದಲೂ ಆಗುತ್ತದೆ, ಆದರೆ ಸಣ್ಣ ಭಾಗಗಳು ಒತ್ತಡಕ್ಕೆ ಬಿರಿಯುತ್ತವೆ. ಇದರ ಜೊತೆಗೆ ಒಂದು ಚಿಮುಟ, ಬಟ್ಟೆ ಒಣಗಿಸುವ ಕ್ಲಿಪ್ಪುಗಳು, ಹಲ್ಲುಕಡ್ಡಿ.

ಕತ್ತರಿಸುವಾಗ ಎರಡು ಹಂತ ಇರಲಿ. ಮೊದಲು ಭಾಗದಿಂದ ದೂರದಲ್ಲಿ ಕತ್ತರಿಸಿ, ಉಳಿದ ಮೊಳಕೆಯನ್ನು ಬ್ಲೇಡಿನಿಂದ ಸವರಿ ತೆಗೆಯಿರಿ. ಒಂದೇ ಏಟಿಗೆ ಬುಡಕ್ಕೆ ಹೋದರೆ ಪ್ಲಾಸ್ಟಿಕ್ ಬೆಳ್ಳಗಾಗಿ ಗುಳಿ ಬೀಳುತ್ತದೆ. ಕೆಲಸ ಶುರು ಮಾಡುವ ಮೊದಲು ಸ್ಪ್ರೂಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಬಳಸಿದ ಎಣ್ಣೆಯ ಪಸೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಫೆವಿಕ್ವಿಕ್ ಸಾಲದೇ? ಬೇರೆ ಅಂಟು ಏಕೆ?

ಫೆವಿಕ್ವಿಕ್ ಎರಡು ಭಾಗಗಳ ನಡುವೆ ಗಟ್ಟಿ ಪದರವಾಗಿ ನಿಲ್ಲುತ್ತದೆ. ಮಾದರಿಗೆಂದೇ ಬರುವ ಪ್ಲಾಸ್ಟಿಕ್ ಸಿಮೆಂಟ್ ಹಾಗಲ್ಲ, ಅದು ಪಾಲಿಸ್ಟೈರೀನ್ ಅನ್ನೇ ಕರಗಿಸುತ್ತದೆ. ಕರಗಿದ ಎರಡು ಅಂಚುಗಳು ಬೆರೆತು, ದ್ರಾವಕ ಆರಿದ ಮೇಲೆ ಒಂದೇ ತುಂಡಾಗುತ್ತವೆ. ನೀರಿನಂತೆ ತೆಳುವಾದ ಸಿಮೆಂಟ್ ಆದರೆ ಮೊದಲು ಭಾಗಗಳನ್ನು ಒತ್ತಿ ಹಿಡಿದು, ಆಮೇಲೆ ಸಂದಿಗೆ ಕುಂಚ ಮುಟ್ಟಿಸಿ. ಅದು ಸಂದಿಯುದ್ದಕ್ಕೂ ತಾನಾಗಿ ಓಡುತ್ತದೆ. ಬೆರಳು ಸಂದಿಯ ಮೇಲಿದ್ದರೆ ಬೆರಳಿನ ಕೆಳಗೂ ಓಡಿ ಅಚ್ಚು ಬೀಳಿಸುತ್ತದೆ.

ಕಾಕ್‌ಪಿಟ್ಟಿನ ಪಾರದರ್ಶಕ ಗಾಜಿಗೆ ಎರಡೂ ಬೇಡ. ಫೆವಿಕ್ವಿಕ್ಕಿನ ಆವಿ ತಾಗಿದರೆ ಗಾಜು ಮಂಜು ಹಿಡಿದಂತೆ ಮಸುಕಾಗುತ್ತದೆ. ಅಲ್ಲಿ ಸಾಮಾನ್ಯ ಬಿಳಿ ಫೆವಿಕಾಲ್ ಒಳ್ಳೆಯದು, ಒಣಗಿದ ಮೇಲೆ ಕಾಣಿಸುವುದೂ ಇಲ್ಲ. ರೆಸಿನ್ (ಎರಕ ಹೊಯ್ದ ಗಟ್ಟಿ ರಾಳ) ಭಾಗಗಳಿಗೆ ಮತ್ತು ಹಿತ್ತಾಳೆಯ ತೆಳು ತಗಡಿನ ಭಾಗಗಳಿಗೆ ಮಾತ್ರ ಫೆವಿಕ್ವಿಕ್ ಜಾತಿಯ ಅಂಟೇ ಬೇಕು, ಅಲ್ಲಿ ಸಿಮೆಂಟ್ ಕೆಲಸ ಮಾಡುವುದಿಲ್ಲ. ದೊಡ್ಡ ಸಂದಿ ತುಂಬಲು ಎಂ-ಸೀಲ್ ಧಾರಾಳವಾಗಿ ನಡೆಯುತ್ತದೆ. ಗಟ್ಟಿಯಾಗುವ ಮೊದಲೇ ಒದ್ದೆ ಬೆರಳಿನಿಂದ ನಯಗೊಳಿಸಿ.

ಮೂಗಿನಲ್ಲಿ ಭಾರ ಹಾಕಿ ಎಂದು ಸೂಚನೆಯಲ್ಲಿದೆ. ಬಿಟ್ಟರೆ ಏನಾಗುತ್ತದೆ?

ವಿಮಾನ ಬಾಲದ ಮೇಲೆ ಕೂರುತ್ತದೆ. ಮೂತಿಯಡಿ ಒಂದು ಚಕ್ರ, ರೆಕ್ಕೆಯಡಿ ಎರಡು ಚಕ್ರ ಇರುವ ವಿಮಾನಗಳಿಗೆ ಇದು ತಪ್ಪಿದ್ದಲ್ಲ. ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳು ಇದಕ್ಕೆ ಸರಿಯಾಗುತ್ತವೆ. ಕಡಲ ಕರೆಯ ಊರುಗಳಲ್ಲಿ ಅವಕ್ಕೆ ಬರವಿಲ್ಲ. ಮುಟ್ಟಿದ ಮೇಲೆ ಕೈ ತೊಳೆಯಿರಿ.

ಮಳೆಗಾಲದಲ್ಲಿ ಬಣ್ಣ ಹಚ್ಚಬಹುದೇ?

ಹಚ್ಚಬಹುದು, ಆದರೆ ಬೇಡ. ಈ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿಲ್ಲದೆ ನಮ್ಮ ಕಡೆ ಎಷ್ಟೋ ಕಿಟ್ಟುಗಳು ಕಪಾಟಿನ ಮೇಲೆ ಅರ್ಧಕ್ಕೆ ನಿಂತಿವೆ.

ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಜಿಲ್ಲೆಯಿದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆಗ ಲ್ಯಾಕರ್ ಬಣ್ಣವನ್ನೋ ವಾರ್ನಿಷನ್ನೋ ಸಿಂಪಡಿಸಿದರೆ ನೋಡನೋಡುತ್ತಿದ್ದಂತೆ ಹಾಲಿನ ಕೆನೆಯಂಥ ಬಿಳಿ ಮಬ್ಬು ಕವಿಯುತ್ತದೆ. ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ. ತಣ್ಣಗಾದ ಮೇಲ್ಮೈಗೆ ಗಾಳಿಯ ತೇವ ಬಂದು ಕೂರುತ್ತದೆ, ಬಣ್ಣದ ಪದರದೊಳಗೇ ಸಿಕ್ಕಿಬೀಳುತ್ತದೆ. ಬಣ್ಣದ ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ನಿಧಾನವಾಗಿ ಆರುವಂತೆ ಮಾಡುವ ರಿಟಾರ್ಡರ್ ಥಿನ್ನರನ್ನು ತೆಳುವಾಗಿ ಮೇಲಿನಿಂದ ಸಿಂಪಡಿಸಿದರೆ ಅನೇಕ ಸಲ ಮಬ್ಬು ಬಿಟ್ಟುಹೋಗುತ್ತದೆ. ಮುಂದಿನ ಸಲ ಅದನ್ನು ಬಣ್ಣಕ್ಕೇ ಸ್ವಲ್ಪ ಬೆರೆಸಿಕೊಳ್ಳಿ.

ಎನಾಮೆಲ್ ಬಣ್ಣದ್ದು ಇನ್ನೊಂದು ಬಗೆಯ ತೊಂದರೆ. ಅದು ಮಬ್ಬಾಗುವುದಿಲ್ಲ, ಆದರೆ ಒಣಗುವುದೂ ಇಲ್ಲ. ಮುಟ್ಟಿದರೆ ಒಣಗಿದಂತಿರುತ್ತದೆ, ಹಿಡಿದು ಕೆಲಸ ಮಾಡಿದರೆ ಹೆಬ್ಬೆರಳಿನ ಗೆರೆಗಳೆಲ್ಲ ರೆಕ್ಕೆಯ ಮೇಲೆ ಮೂಡುತ್ತವೆ. ಇನ್ನು ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿಗೆ ಗಾಳಿ ಕೊಡುವ ಕಂಪ್ರೆಸರ್. ಗಾಳಿಯನ್ನು ಒತ್ತಿದಾಗ ಅದರಲ್ಲಿರುವ ತೇವ ಟ್ಯಾಂಕಿನಲ್ಲಿ ನೀರಾಗಿ ನಿಲ್ಲುತ್ತದೆ. ಆಟಿ ತಿಂಗಳಿನಲ್ಲಿ ಟ್ಯಾಂಕಿನ ಅಡಿಯ ತಿರುಪು ಬಿಚ್ಚಿ ನೋಡಿ, ಎಷ್ಟು ನೀರು ಬರುತ್ತದೆಂದು ನಿಮಗೇ ಗೊತ್ತಾಗುತ್ತದೆ. ಆ ನೀರು ಪೈಪಿನಲ್ಲಿ ಬಂದು ರೆಕ್ಕೆಯ ಮೇಲೆ ಉಗುಳಿದರೆ ಅಲ್ಲಿಗೆ ಮುಗಿಯಿತು. ಕೊಳವೆಗೆ ತೇವ ಹಿಡಿಯುವ ಟ್ರ್ಯಾಪ್ ಹಾಕಿಸಿ, ಟ್ಯಾಂಕನ್ನು ಪ್ರತಿ ಸಲವೂ ಖಾಲಿ ಮಾಡಿ.

ನಾನು ಎಲ್ಲರಿಗೂ ಹೇಳುವುದು ಒಂದೇ: ಕೆಲಸವನ್ನು ತಿಂಗಳಿಗೆ ತಕ್ಕಂತೆ ಹಂಚಿಕೊಳ್ಳಿ. ಆಟಿ, ಸೋಣದಲ್ಲಿ ಕತ್ತರಿಸುವುದು, ಜೋಡಿಸುವುದು, ಸಂದಿ ತುಂಬುವುದು, ಅಳಿಸಿಹೋದ ಗೆರೆಗಳನ್ನು ಮತ್ತೆ ಕೊರೆಯುವುದು. ಇವಕ್ಕೆ ಮಳೆ ಅಡ್ಡಿಯಲ್ಲ. ಕಾಕ್‌ಪಿಟ್, ಚಕ್ರ, ಸೈನಿಕರ ಬೊಂಬೆಗಳಿಗೆ ಕುಂಚದಲ್ಲಿ ನೀರು ಬೆರೆಯುವ ಅಕ್ರಿಲಿಕ್ ಹಚ್ಚುತ್ತಿರಿ. ತುಲಾ ತಿಂಗಳ ಸಂಜೆಯ ಗುಡುಗು ಮಳೆಯೂ ಕಳೆಯಲಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸಿಂಪಡಿಸುವ ಕೆಲಸ, ಅದೂ ಬೆಳಗಿನ ಮಂಜು ಆರಿದ ಮೇಲೆ, ಸಂಜೆಗೆ ಮೊದಲು. ಏಪ್ರಿಲ್, ಮೇ ಸೆಕೆಯಲ್ಲಿ ಮತ್ತೊಂದು ರಗಳೆ: ಅಕ್ರಿಲಿಕ್ ಬಣ್ಣ ಏರ್‌ಬ್ರಷ್ಷಿನ ಸೂಜಿಯ ತುದಿಯಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ. ನಡುನಡುವೆ ತುದಿಯನ್ನು ಒದ್ದೆ ಕುಂಚದಿಂದ ಒರೆಸುತ್ತಿರಬೇಕು. ಬೆವರಿನ ಕೈಯಿಂದ ಬರಿಯ ಪ್ಲಾಸ್ಟಿಕ್ ಮುಟ್ಟಬೇಡಿ.

ಏರ್‌ಬ್ರಷ್ ಬೇಕೇ ಬೇಕೇ?

ಮೊದಲ ಕೆಲವು ಕಿಟ್ಟುಗಳಿಗೆ ಬೇಡ. ಒಳ್ಳೆಯ ಚಪ್ಪಟೆ ಕುಂಚ, ತೆಳುವಾಗಿಸಿದ ಬಣ್ಣ, ಒಂದು ಪದರ ಒಣಗಿದ ಮೇಲೆ ಇನ್ನೊಂದು ಅಡ್ಡ ದಿಕ್ಕಿನಲ್ಲಿ. ಕೊಳ್ಳುವುದೇ ಆದರೆ 0.3 ಮಿಲಿಮೀಟರ್ ಮೂತಿಯದು ಎಲ್ಲಕ್ಕೂ ಆಗುತ್ತದೆ. ಸಾಮಾನ್ಯ ಕೆಲಸಕ್ಕೆ 15ರಿಂದ 20 ಪಿಎಸ್‌ಐ ಒತ್ತಡ ಸಾಕು. ಕರೆಂಟ್ ಹೋದಾಗ ಬಟ್ಟಲಿನಲ್ಲಿರುವ ಬಣ್ಣವನ್ನು ಹಾಗೇ ಬಿಟ್ಟು ಕಾಯುತ್ತ ಕೂರಬೇಡಿ, ಕೂಡಲೇ ಸುರಿದು ತೊಳೆಯಿರಿ.

ಪೇಂಟ್ ಅಂಗಡಿಯ ಥಿನ್ನರ್ ಬಳಸಬಹುದೇ?

ಎನ್‌ಸಿ ಥಿನ್ನರ್ ಪಾಲಿಸ್ಟೈರೀನ್ ಅನ್ನು ತಿಂದುಹಾಕುತ್ತದೆ. ಅದು ಏರ್‌ಬ್ರಷ್ ತೊಳೆಯಲು ಮಾತ್ರ, ಮಾದರಿಯ ಹತ್ತಿರ ಬರಬಾರದು. ಎನಾಮೆಲ್ ಬಣ್ಣಕ್ಕೆ ಟರ್ಪೆಂಟೈನ್ ಆದೀತು. ಕಾರಿಗೆ ಹೊಡೆಯುವ ಪ್ರೈಮರ್ ಡಬ್ಬಿಗಳೂ ಕೆಲವೊಮ್ಮೆ ಪ್ಲಾಸ್ಟಿಕ್ಕನ್ನು ಸುಕ್ಕುಗಟ್ಟಿಸುತ್ತವೆ. ಎಸೆಯುವ ಸ್ಪ್ರೂವಿನ ಮೇಲೆ ಮೊದಲು ಹೊಡೆದು ನೋಡಿ.

ಡೆಕಾಲ್ ಅಂಟಿಸಿದರೆ ಸುತ್ತ ಬೆಳ್ಳಿಯಂತೆ ಹೊಳೆಯುತ್ತದೆ. ಏಕೆ?

ಕೆಳಗೆ ಗಾಳಿ ಸಿಕ್ಕಿಕೊಂಡಿದೆ. ಮಂಕು ಬಣ್ಣದ ಮೇಲ್ಮೈ ಕಣ್ಣಿಗೆ ನಯವಾಗಿ ಕಂಡರೂ ಒರಟಾಗಿರುತ್ತದೆ, ಡೆಕಾಲಿನ ಪೊರೆ ಆ ಏರುತಗ್ಗಿನ ಮೇಲೆ ಸೇತುವೆಯಂತೆ ನಿಲ್ಲುತ್ತದೆ. ಮೊದಲು ಹೊಳಪಿನ ವಾರ್ನಿಷ್ ಕೊಟ್ಟು ಪೂರ್ತಿ ಒಣಗಲು ಬಿಡಿ. ಡೆಕಾಲನ್ನು ಕತ್ತರಿಸಿ ಉಗುರು ಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ಮೂವತ್ತು ಸೆಕೆಂಡು ಅದ್ದಿ, ತೆಗೆದು ಒದ್ದೆ ಕಾಗದದ ಮೇಲಿಡಿ. ಒತ್ತಿದರೆ ಕಾಗದದಿಂದ ಜಾರುವ ಹೊತ್ತಿಗೆ, ಜಾಗದಲ್ಲಿ ಒಂದು ಹನಿ ನೀರು ಅಥವಾ ಮೈಕ್ರೋ ಸೆಟ್ ಎಂಬ ಡೆಕಾಲ್ ದ್ರಾವಣ ಹಾಕಿ ಅದರ ಮೇಲೆ ಜಾರಿಸಿ. ಕುಂಚದ ತುದಿಯಿಂದ ನಡುವಿನಿಂದ ಅಂಚಿನ ಕಡೆಗೆ ನೀರನ್ನು ಹೊರದೂಡಿ. ಆಮೇಲೆ ಮೈಕ್ರೋ ಸೋಲ್ ಎಂಬ ಇನ್ನೊಂದು ದ್ರಾವಣ ಹಚ್ಚಿದರೆ ಡೆಕಾಲ್ ಮೆತ್ತಗಾಗಿ ಸುಕ್ಕಾಗುತ್ತದೆ. ಇಲ್ಲಿಯೇ ಹೊಸಬರು ಗಾಬರಿಯಾಗಿ ಕೈ ಹಾಕಿ ಹರಿದುಬಿಡುತ್ತಾರೆ. ಮುಟ್ಟಬೇಡಿ. ಒಣಗುವಾಗ ಸುಕ್ಕು ತಾನಾಗಿ ಇಳಿದು, ಕೊರೆದ ಗೆರೆಗಳೊಳಗೂ ಅದು ಕೂತಿರುತ್ತದೆ.

ಹಳದಿಯಾದ ಹಳೆಯ ಡೆಕಾಲ್ ಹಾಳೆಯನ್ನು ಪಾರದರ್ಶಕ ಚೀಲದಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಕೆಲವು ದಿನ ಅಂಟಿಸಿಟ್ಟರೆ ಬೆಳ್ಳಗಾಗುತ್ತದೆ.

ಭಾರತೀಯ ವಾಯುಪಡೆಯ ಮಿಗ್-21 ಮಾಡಬೇಕು. ಯಾವ ಪೆಟ್ಟಿಗೆಯಾದರೂ ಆಗುತ್ತದೆಯೇ?

ಆಗುವುದಿಲ್ಲ. 1963ರಲ್ಲಿ ಬಂದು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತವಾದ ವಿಮಾನವಿದು. ನಡುವೆ ಅದರ ರೂಪ ಬಹಳ ಬದಲಾಗಿದೆ. ಎಚ್‌ಎಎಲ್ ನಾಸಿಕದಲ್ಲಿ ತಯಾರಿಸಿದ ಎಫ್‌ಎಲ್ ಮಾದರಿಯೇ ವಾಯುಪಡೆಯ ಟೈಪ್ 77, ಎಂ ಮಾದರಿ ಟೈಪ್ 96, ಬಿಸ್ ಮಾದರಿ ಟೈಪ್ 75. ಎಫ್‌ಎಲ್‌ನಲ್ಲಿ ಒಡಲೊಳಗೆ ಫಿರಂಗಿ ಇರಲಿಲ್ಲ. 1971ರ ಯುದ್ಧದಲ್ಲಿ ಹೊಟ್ಟೆಯಡಿ ಪ್ರತ್ಯೇಕ ಗನ್ ಪಾಡ್ ಕಟ್ಟಿ ಹಾರಿಸಿದರು. ಬಿಸ್‌ನ ಬೆನ್ನು ದಪ್ಪ, ಎಫ್‌ಎಲ್‌ನದು ತೆಳು. ಬಿಸ್ ಕಿಟ್ಟಿನ ಮೇಲೆ 1971ರ ಗುರುತುಗಳನ್ನು ಅಂಟಿಸಿದರೆ ತಿಳಿದವರು ದೂರದಿಂದಲೇ ನಗುತ್ತಾರೆ. ಜೆಕ್ ದೇಶದ ಎಡುವಾರ್ಡ್ ಸಂಸ್ಥೆಯ 1/48ರ ಬಿಸ್ ಒಳ್ಳೆಯ ಕಿಟ್. ಅದರಿಂದ ಬೈಸನ್ (ಬಿಸ್ ಅನ್ನು ನವೀಕರಿಸಿದ ಮಾದರಿ) ಮಾಡಬೇಕೆಂದರೆ ಮುಂಗಾಜಿನಿಂದ ಹಿಡಿದು ಆಂಟೆನಾಗಳವರೆಗೆ ಬದಲಾಯಿಸಬೇಕಾಗುತ್ತದೆ. ವಾಯುಪಡೆಯ ದುಂಡನೆಯ ಚಿಹ್ನೆಯಲ್ಲಿ ಹೊರಗೆ ಕೇಸರಿ, ಒಳಗೆ ಹಸಿರು. ಕೆಲವು ಡೆಕಾಲ್‌ಗಳಲ್ಲಿ ಕೇಸರಿ ಕೆಂಪಿಗೆ ತಿರುಗಿರುತ್ತದೆ, ಕೊಳ್ಳುವ ಮೊದಲು ನೋಡಿ.

ಫೋಟೋ ಸಾಲದು, ನಿಜವಾದ ವಿಮಾನ ನೋಡಬೇಕೆಂದರೆ ನಮಗೆ ಅನುಕೂಲವಾದದ್ದು ಗೋವಾ. ಕೊಂಕಣ ರೈಲು ಹಿಡಿದು ಮಡಗಾಂವ್‌ನಲ್ಲಿ ಇಳಿದರೆ ಬೋಗ್ಮಾಲೊದ ನೌಕಾ ವಾಯುಯಾನ ಸಂಗ್ರಹಾಲಯ ದೂರವಿಲ್ಲ. ನೌಕಾಪಡೆಯ ಸೀ ಹಾಕ್, ಸೀ ಹ್ಯಾರಿಯರ್, ಅಲಿಜೆ ವಿಮಾನಗಳು ಬಯಲಲ್ಲಿ ನಿಂತಿವೆ. ಚಕ್ರದ ಗೂಡಿನೊಳಗೆ ಬಣ್ಣ ಯಾವುದು, ಪೈಪುಗಳು ಹೇಗೆ ಹೋಗಿವೆ ಎಂಬುದರ ಫೋಟೋ ತೆಗೆಯಿರಿ. ಇಡೀ ವಿಮಾನದ ಫೋಟೋ ಎಲ್ಲರ ಬಳಿಯೂ ಇದೆ. ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯದಲ್ಲಿ ಮರುತ್ ಯುದ್ಧವಿಮಾನ ಇದೆ.

ಕೇರಳದ ಕೆಎಸ್‌ಆರ್‌ಟಿಸಿ ಬಸ್ಸಿನ, ನಮ್ಮ ಹಳೆಯ ಮಹೀಂದ್ರಾ ಜೀಪಿನ ಕಿಟ್ ಇದೆಯೇ?

ಬಸ್ಸಿಗೆ ಫೋರೆಕ್ಸ್ ಶೀಟ್ (ಪಿವಿಸಿ ಫೋಮಿನ ಹಾಳೆ) ಕತ್ತರಿಸಿ ಕೈಯಿಂದಲೇ ಮಾಡುವವರು ಕೇರಳದಲ್ಲಿ ಬಹಳ ಮಂದಿ ಇದ್ದಾರೆ. ಕಿಟ್ ಕೂಡಿಸುವವರು ಅವರ ಮುಂದೆ ಸ್ವಲ್ಪ ತಗ್ಗಿ ನಡೆಯಬೇಕು. 11 ಮೀಟರಿನ ಬಸ್ಸು 1/24ರಲ್ಲಿ ಸುಮಾರು 46 ಸೆಂಟಿಮೀಟರ್ ಆಗುತ್ತದೆ. ಫೋರೆಕ್ಸ್ ಪಾಲಿಸ್ಟೈರೀನ್ ಅಲ್ಲ, ಮಾದರಿಯ ಸಿಮೆಂಟ್ ಅದಕ್ಕೆ ಹಿಡಿಯುವುದಿಲ್ಲ. ಫೆವಿಕ್ವಿಕ್ ಬಳಸಿ.

ಜೀಪಿನ ವಿಷಯದಲ್ಲಿ ಮೋಸ ಹೋಗಬೇಡಿ. ಕಿಟ್ಟಾಗಿ ಸುಲಭವಾಗಿ ಸಿಗುವುದು ಯುದ್ಧಕಾಲದ ವಿಲ್ಲಿಸ್ ಎಂಬಿ. ಅದರ ಮುಂಭಾಗದಲ್ಲಿ ಒಂಬತ್ತು ಸೀಳುಗಳು. ಯುದ್ಧಾನಂತರದ ಸಿಜೆ ಜೀಪುಗಳಿಗೆ ಏಳು. ಮುಳ್ಳೇರಿಯ, ಅಡೂರಿನ ಗುಡ್ಡದ ದಾರಿಯಲ್ಲಿ ಆಳುಗಳನ್ನು ಹೊತ್ತು ಏರುತ್ತಿದ್ದ ಮಹೀಂದ್ರಾಗಳು ಈ ಎರಡನೆಯ ವಂಶದವು.

ನಮ್ಮ ಕೆಂಪು ಮಣ್ಣನ್ನೇ ಟ್ಯಾಂಕಿಗೆ, ಜೀಪಿಗೆ ಹಚ್ಚಬಹುದೇ?

ನೆಲಕ್ಕೆ ಹಾಕಿ, ವಾಹನಕ್ಕೆ ಬೇಡ. ಎಷ್ಟು ಜರಡಿ ಹಿಡಿದರೂ ಮುರಕಲ್ಲಿನ ಪುಡಿಯ ಕಣ 1/35ರಲ್ಲಿ ಜಲ್ಲಿಯಂತೆ ಕಾಣುತ್ತದೆ. ಹಳೆಯ ವೇಷ್ಟಿಯ ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿದ ಫೆವಿಕಾಲ್ ಮೇಲೆ ಉದುರಿಸಿದರೆ ರಸ್ತೆಯಂಚಿಗೆ ಚೆನ್ನ. ಒದ್ದೆಯಾದಾಗ ಬಣ್ಣ ಗಾಢವಾಗುತ್ತದೆ, ಒಣಗುವವರೆಗೆ ತೀರ್ಮಾನಕ್ಕೆ ಬರಬೇಡಿ. ವಾಹನದ ಮೇಲಿನ ಧೂಳಿಗೆ ಆಯಿಲ್ ಪೇಂಟ್ ತೆಳುವಾಗಿಸಿ ಮೂಲೆಗಳಿಗೆ ಬಿಟ್ಟು, ಟರ್ಪೆಂಟೈನ್ ಮುಟ್ಟಿಸಿದ ಕುಂಚದಿಂದ ಕೆಳಮುಖವಾಗಿ ಎಳೆಯಿರಿ. ಬಣ್ಣ ಎದ್ದ ಗುರುತಿಗೆ ಹರಿದ ಸ್ಪಂಜಿನ ತುಂಡು ಸಾಕು. ಆದರೆ ತುಕ್ಕು ಹಿಡಿಯುವುದು ಕಬ್ಬಿಣ. ಅಲ್ಯೂಮಿನಿಯಂ ವಿಮಾನದ ರೆಕ್ಕೆಗೆ ತುಕ್ಕಿನ ಬಣ್ಣ ಹಚ್ಚಿದವರನ್ನು ಕಂಡಾಗಲೆಲ್ಲ ಅದನ್ನು ನೆನಪಿಸಬೇಕಾಗುತ್ತದೆ.

ಎತ್ತರದ ಹುಲ್ಲಿಗೆ ತೆಂಗಿನ ನಾರು ಕತ್ತರಿಸಿ ನೆಡಿ. ಹಿನ್ನೆಲೆಗೆ ಕಂಗಿನ ಮರ ನಿಲ್ಲಿಸುವ ಆಸೆ ಇಲ್ಲಿಯವರಿಗೆಲ್ಲ ಬರುತ್ತದೆ. ಲೆಕ್ಕ ಹಾಕಿ ನೋಡಿ: 15 ಮೀಟರಿನ ಮರ 1/35ರಲ್ಲಿ 43 ಸೆಂಟಿಮೀಟರ್. ಮರದ ಬುಡದಲ್ಲಿ ನಿಂತ ಟ್ಯಾಂಕನ್ನು ಯಾರೂ ನೋಡುವುದಿಲ್ಲ.

ಆಂಟೆನಾ ತಂತಿಯನ್ನು ಯಾವುದರಿಂದ ಮಾಡುತ್ತಾರೆ?

ಉಳಿದ ಸ್ಪ್ರೂವಿನಿಂದಲೇ. ಮೇಣದ ಬತ್ತಿಯ ಜ್ವಾಲೆಯ ಮೇಲ್ಗಡೆ, ತಾಗದಂತೆ, ಹೊರಳಿಸುತ್ತ ಹಿಡಿಯಿರಿ. ನಡುವೆ ಬಾಗಲು ಶುರುವಾದ ಕೂಡಲೇ ಜ್ವಾಲೆಯಿಂದ ಪಕ್ಕಕ್ಕೆ ತಂದು ಎರಡೂ ತುದಿ ಎಳೆಯಿರಿ. ಬೇಗ ಎಳೆದರೆ ಕೂದಲೆಳೆ, ನಿಧಾನಕ್ಕೆ ಎಳೆದರೆ ದಪ್ಪ ಕಡ್ಡಿ. ಕಿಟಕಿ ತೆರೆದಿರಲಿ, ಥಿನ್ನರ್ ಡಬ್ಬಿ ಇನ್ನೊಂದು ಕೋಣೆಯಲ್ಲಿರಲಿ.

ಮಗ ಕೇಳುತ್ತಿದ್ದಾನೆ, ಅಂಟಿನ ವಾಸನೆಗೆ ಹೆದರಿಕೆ. ಕೊಡಿಸಬಹುದೇ?

ಅಂಟಿಲ್ಲದೆ ಒತ್ತಿ ಕೂಡಿಸುವ ಕಿಟ್ಟುಗಳಿವೆ, ಅದರಿಂದ ಶುರು ಮಾಡಿಸಿ. ಬಣ್ಣ ಅಕ್ರಿಲಿಕ್ ಇರಲಿ. ಸಿಮೆಂಟ್, ಲ್ಯಾಕರ್ ಬಳಸುವ ವಯಸ್ಸು ಬಂದಾಗ ಚಾವಡಿಯಲ್ಲಿ ಕೂತು ಮಾಡಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಬೇಡ. ಸಿಂಪಡಿಸುವಾಗ ದ್ರಾವಕದ ಆವಿ ತಡೆಯುವ ಮುಖಗವಸು ಬೇಕು, ಬಟ್ಟೆಯ ಮಾಸ್ಕ್ ಅದಕ್ಕಲ್ಲ. ರೆಸಿನ್ ಉಜ್ಜಿದ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ನೀರಿನಲ್ಲೇ ಉಜ್ಜಿ.

ಬೂಷ್ಟು ಹಿಡಿಯದಂತೆ ಹೇಗೆ ಇಡುವುದು?

ಪ್ಲಾಸ್ಟಿಕ್ಕಿಗೆ ಏನೂ ಆಗುವುದಿಲ್ಲ. ಕೆಡುವುದು ಕಾಗದ: ಡೆಕಾಲ್, ಸೂಚನಾಪತ್ರ, ಪೆಟ್ಟಿಗೆ. ಡೆಕಾಲನ್ನು ಮೇ ತಿಂಗಳಲ್ಲೇ ತೆಗೆದು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಜಿಪ್ ಚೀಲಕ್ಕೆ ಹಾಕಿ. ಪೆಟ್ಟಿಗೆಗಳು ಹೊರಗೋಡೆಗೆ ತಾಗಿರಬಾರದು. ಮುಗಿದ ಮಾದರಿಯನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ, ರೆಕ್ಕೆ ಬಾಗುತ್ತದೆ. ಗಾಜಿನ ಕಪಾಟು ಇಲ್ಲದಿದ್ದರೆ ಧೂಳನ್ನು ಮೆತ್ತನೆಯ ಮೇಕಪ್ ಕುಂಚದಿಂದ ತೆಗೆಯಿರಿ. ಮನೆಯಲ್ಲಿ ಹೆಂಗಸರ ಹತ್ತಿರ ಕೇಳಿ ತೆಗೆದುಕೊಳ್ಳಿ.

ಬಣ್ಣದ ಬಾಟಲಿಯ ಮುಚ್ಚಳ ಬಿಚ್ಚಲು ಬರುತ್ತಿಲ್ಲ.

ಬಿಸಿ ನೀರಿನಲ್ಲಿ ಮುಚ್ಚಳದ ಕಡೆ ಅದ್ದಿಟ್ಟು, ರಬ್ಬರ್ ಬ್ಯಾಂಡ್ ಸುತ್ತಿ ತಿರುಗಿಸಿ. ಇಕ್ಕಳ ಹಾಕಿದರೆ ಮುಚ್ಚಳ ಒಡೆಯುತ್ತದೆ. ಮತ್ತೆ ಮುಚ್ಚುವ ಮೊದಲು ಬಾಟಲಿಯ ಕಂಠ ಒರೆಸಿ, ಒಂದು ಚೂರು ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಿ.